ಬೇವಿನ ಮರದಿಂದ ನಲವತ್ತು ಹೆಜ್ಜೆ



ಒಂದು ಚೀಟಿ ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ. ಅದರಲ್ಲಿ ಹೀಗೆ ಬರೆದಿದೆ: "ದರ್ಗಾದ ಮುಂದಿನ ಬೇವಿನ ಮರದ ಬುಡದಿಂದ ಉತ್ತರಕ್ಕೆ ನಲವತ್ತು ಹೆಜ್ಜೆ ನಡೆಯಿರಿ. ಒಂದು ಚಪ್ಪಟೆ ಕಲ್ಲು ಸಿಗುತ್ತದೆ. ಅದನ್ನು ಎತ್ತಿ ನೋಡಿ." ನೀವು ಏನು ಮಾಡುತ್ತೀರಿ? ಮರ ಹುಡುಕುತ್ತೀರಿ, ಉತ್ತರ ಯಾವುದೆಂದು ನೋಡುತ್ತೀರಿ, ಹೆಜ್ಜೆ ಎಣಿಸುತ್ತೀರಿ, ಕಲ್ಲು ಎತ್ತುತ್ತೀರಿ. ಹೇಳಿದ್ದನ್ನು ಹೇಳಿದಂತೆಯೇ ಮಾಡಿದಿರಿ. ನಿಮ್ಮ ತಪ್ಪೇನೂ ಇಲ್ಲ.

ಈ ಚೀಟಿಯನ್ನು ಬರೆದವನು ನಾನು. ಕೆಲವು ವರ್ಷಗಳ ಹಿಂದೆ ಹೊಸಪೇಟೆಯ ಸುತ್ತಿನ ಒಂದು ಹಳ್ಳಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ವಿಜ್ಞಾನ ಶಿಬಿರವನ್ನು ಚಿತ್ರೀಕರಿಸಲು ಹೋಗಿದ್ದೆವು. ದಿಕ್ಸೂಚಿಯ ಬಳಕೆಯನ್ನು ಪಾಠದಂತೆ ಹೇಳಿದರೆ ಪರದೆಯ ಮೇಲೆ ಸಪ್ಪೆಯಾಗುತ್ತದೆಂದು ಒಂದು ಆಟ ಹೂಡಿದೆ. ಊರಾಚೆಯ ಹಳೆಯ ಖಬರಸ್ತಾನದ ಅಂಚಿನಲ್ಲಿ, ಅಲ್ಲಿನ ಮುಜಾವರರ ಒಪ್ಪಿಗೆ ಪಡೆದು, ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಒಂದು ನೋಟ್‌ಬುಕ್ಕು ಮತ್ತು ರಬ್ಬರ್ ಮೊಹರು ಇಟ್ಟು ಕಲ್ಲಿನ ಕೆಳಗೆ ಅಡಗಿಸಿದೆ. ನಾಲ್ಕು ತಂಡಗಳಿಗೆ ನಾಲ್ಕು ಚೀಟಿ. ಮೂರು ತಂಡಗಳು ಹೇಗೋ ಡಬ್ಬಿಯ ಹತ್ತಿರ ಬಂದವು. ನಾಲ್ಕನೆಯ ತಂಡದ ಹುಡುಗರು ಬೇರೆಯೇ ಒಂದು ಚಪ್ಪಟೆ ಕಲ್ಲಿನ ಬಳಿ ಹೋಗಿ, ಇಬ್ಬರು ಸೇರಿ ಅದನ್ನು ಮಗುಚಿ ಹಾಕಿದರು. ಅದು ಒಂದು ಮಗುವಿನ ಗೋರಿಯ ತಲೆಗಲ್ಲು.

ಮುಜಾವರರು ಕೂಗಾಡಲಿಲ್ಲ. ಬಂದು ಕಲ್ಲನ್ನು ತಾವೇ ಮೊದಲಿನಂತೆ ನಿಲ್ಲಿಸಿ, ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿದರು. ನಾನು ಹುಡುಗರನ್ನು ಗದರಿಸಲು ಬಾಯಿ ತೆರೆಯುವಷ್ಟರಲ್ಲಿ, "ಹುಡುಗ್ರದೇನು ತಪ್ಪೈತ್ರೀ ಸರ? ಚೀಟ್ಯಾಗ ಕಲ್ಲು ಎತ್ತು ಅಂತ ನೀವಾ ಬರದೀರಲ್ಲ" ಎಂದರು.

ನಾನು ಭೌತಶಾಸ್ತ್ರ ಓದಿದವನು. ಆ ರಾತ್ರಿ ಚೀಟಿಯನ್ನು ಮುಂದಿಟ್ಟುಕೊಂಡು, ಪ್ರಯೋಗ ಕೆಟ್ಟಾಗ ಮಾಡುವಂತೆ, ಎಲ್ಲೆಲ್ಲಿ ತಪ್ಪಿದೆನೆಂದು ಬರೆದೆ. ಒಂದಲ್ಲ, ನಾಲ್ಕು ತಪ್ಪು ಸಿಕ್ಕವು. ಅವು ನಿಮ್ಮ ಕೆಲಸಕ್ಕೂ ಬಂದಾವು. ಮೊದಲು ಈ ಆಟ ಎಲ್ಲಿಂದ ಬಂದಿತು ಎಂಬುದನ್ನು ಹೇಳುತ್ತೇನೆ.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡಾರ್ಟ್‌ಮೂರ್ ಎಂಬ ಎತ್ತರದ, ಮರಗಳಿಲ್ಲದ, ಜವುಗಿನ ಬೀಳುಭೂಮಿ ಇದೆ. ಅದರ ನಡುವೆ ಕ್ರ್ಯಾನ್‌ಮಿಯರ್ ಪೂಲ್ ಎಂಬ ಜಾಗವನ್ನು ತಲುಪುವುದು ಆ ಕಾಲದಲ್ಲಿ ಸಾಹಸವೇ ಆಗಿತ್ತು. ಚಾಗ್‌ಫರ್ಡ್ ಎಂಬ ಊರಿನ ಜೇಮ್ಸ್ ಪೆರಟ್ ಎಂಬಾತ ಪ್ರವಾಸಿಗಳಿಗೆ ದಾರಿ ತೋರಿಸುವ ಕೆಲಸ ಮಾಡುತ್ತಿದ್ದ. ಆತ 1854ರಲ್ಲಿ ಅಲ್ಲೊಂದು ಬಾಟಲಿ ಇಟ್ಟ. ಅಷ್ಟು ದೂರ ನಡೆದು ಬಂದವರು ತಮ್ಮ ವಿಸಿಟಿಂಗ್ ಕಾರ್ಡನ್ನು ಅದರಲ್ಲಿ ಹಾಕಿ ಬರಬಹುದಿತ್ತು. ಮುಂದೆ ಬಾಟಲಿಯ ಜಾಗಕ್ಕೆ ಡಬ್ಬಿ ಬಂತು, ಕಾರ್ಡಿನ ಜಾಗಕ್ಕೆ ಅಂಚೆ ಕಾಗದ ಬಂತು. ನೀವು ನಿಮ್ಮದೇ ವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಕಾರ್ಡೊಂದನ್ನು ಅಲ್ಲಿ ಬಿಟ್ಟು ಬರುತ್ತೀರಿ. ನಿಮ್ಮ ನಂತರ ಯಾರು ಆ ಜಾಗವನ್ನು ಕಂಡುಹಿಡಿಯುತ್ತಾರೋ ಅವರು ಅದನ್ನು ಒಯ್ದು ತಮ್ಮೂರಿನ ಅಂಚೆಡಬ್ಬಿಗೆ ಹಾಕುತ್ತಾರೆ. ಅದು ಎಷ್ಟು ದಿನಕ್ಕೆ ಮನೆಗೆ ಬರುತ್ತದೆ, ಯಾವ ಊರಿನ ಮೊಹರು ಹೊತ್ತು ಬರುತ್ತದೆ ಎಂದು ಕಾಯುವುದೇ ಸಂತೋಷ. ಆಟಕ್ಕೆ ಲೆಟರ್‌ಬಾಕ್ಸಿಂಗ್ ಎಂಬ ಹೆಸರು ಬಂದದ್ದು ಹೀಗೆ.

ಕಾಲ ಕಳೆದಂತೆ ಡಬ್ಬಿಗಳು ಹೆಚ್ಚಿದವು. ಈಗಿನ ಪದ್ಧತಿಯಲ್ಲಿ ಪ್ರತಿ ಡಬ್ಬಿಯೊಳಗೂ ಒಂದು ರಬ್ಬರ್ ಮೊಹರು ಮತ್ತು ಒಂದು ಪುಸ್ತಕ ಇರುತ್ತವೆ. ಹುಡುಕಿದವರು ಡಬ್ಬಿಯ ಮೊಹರನ್ನು ತಮ್ಮ ಪುಸ್ತಕದಲ್ಲೂ, ತಮ್ಮ ಸ್ವಂತ ಮೊಹರನ್ನು ಡಬ್ಬಿಯ ಪುಸ್ತಕದಲ್ಲೂ ಒತ್ತಿ, ಎಲ್ಲವನ್ನೂ ಇದ್ದ ಹಾಗೆಯೇ ಮುಚ್ಚಿಟ್ಟು ಬರುತ್ತಾರೆ. 1998ರಲ್ಲಿ ಸ್ಮಿತ್ಸೋನಿಯನ್ ಪತ್ರಿಕೆಯ ಲೇಖನವೊಂದು ಈ ಆಟವನ್ನು ಅಮೆರಿಕದವರಿಗೆ ಪರಿಚಯಿಸಿತು. ಅಲ್ಲಿ ಹಳೆಯ ಸ್ಮಶಾನಗಳೂ ಇದರ ನೆಚ್ಚಿನ ತಾಣಗಳಾದವು. ಕಾರಣ ಸರಳ. ಸ್ಮಶಾನದಲ್ಲಿ ಓದಲು ಅಕ್ಷರಗಳಿವೆ, ಕೂಡಿಸಿ ಕಳೆಯಲು ಇಸವಿಗಳಿವೆ, ಜನಸಂದಣಿ ಇಲ್ಲ.

2000ದ ಮೇ 2ರಂದು ಅಮೆರಿಕ ತನ್ನ ಜಿ.ಪಿ.ಎಸ್. ಉಪಗ್ರಹಗಳ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಸುಮಾರು ನೂರು ಮೀಟರಿನಷ್ಟು ತಪ್ಪುತ್ತಿದ್ದ ಸ್ಥಾನ ಹತ್ತು ಮೀಟರಿನ ಆಸುಪಾಸಿಗೆ ಬಂತು. ಮರುದಿನವೇ ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬಾತ ಒಂದು ಬಕೆಟ್ಟನ್ನು ಅಡಗಿಸಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ. ಜಿಯೋಕ್ಯಾಶಿಂಗ್ ಎಂಬ ತಮ್ಮ ಹುಟ್ಟಿದ್ದು ಅಂದು. ನಿಮ್ಮಲ್ಲಿ ಕೆಲವರು ಮೊಬೈಲ್ ಫೋನಿನಲ್ಲಿ ಅದನ್ನು ಆಡಿರಬಹುದು. ನನಗೆ ಅಣ್ಣನ ಮೇಲೆಯೇ ಹೆಚ್ಚು ಪ್ರೀತಿ. ಫೋನು ನಿಮ್ಮನ್ನು ಜಾಗಕ್ಕೆ ಕರೆದೊಯ್ಯುತ್ತದೆ. ಸುಳಿವು ನಿಮ್ಮಿಂದ ಜಾಗವನ್ನು ನೋಡಿಸುತ್ತದೆ.

ಡಾರ್ಟ್‌ಮೂರಿಗೂ ನಮ್ಮ ಹಂಪಿಗೂ ಒಂದು ನೆಂಟಸ್ತಿಕೆ ಇದೆ. ಎರಡೂ ಗ್ರಾನೈಟಿನ ನಾಡು. ಅಲ್ಲಿನ ಗ್ರಾನೈಟು ಸುಮಾರು 28 ಕೋಟಿ ವರ್ಷ ಹಳೆಯದಾದರೆ ನಮ್ಮದು ಸುಮಾರು 250 ಕೋಟಿ ವರ್ಷದ್ದು. ನೆಲದಡಿ ಇರುವಾಗಲೇ ಬಂಡೆಯಲ್ಲಿ ಬಿರುಕುಗಳೆದ್ದು, ಆ ಬಿರುಕುಗಳ ಗುಂಟ ನೀರಿಳಿದು, ಮೂಲೆಗಳು ಕೊಳೆತು ದುಂಡಗಾಗಿ, ಮೇಲಿನ ಮಣ್ಣು ಕೊಚ್ಚಿ ಹೋದ ಮೇಲೆ ಉಳಿದದ್ದೇ ನೀವು ಕಾಣುವ ಗುಂಡುಗಳ ರಾಶಿ. ಯಾವ ರಾಕ್ಷಸನೂ ಅವನ್ನು ತಂದು ಪೇರಿಸಿಲ್ಲ. ಎರಡು ಗುಂಡುಗಳ ನಡುವೆ ಒಂದು ಡಬ್ಬಿ ಹಿಡಿಯುವಷ್ಟು ಸಂದು ಎಲ್ಲಿ ಬೇಕಾದರೂ ಇದೆ. ಆದರೆ ಅದೇ ಸಂದು ಚೇಳಿಗೂ ಬೇಕು, ಹಾವಿಗೂ ಬೇಕು. ದರೋಜಿಯ ಕರಡಿಧಾಮ ಇಲ್ಲಿಗೆ ದೂರವಿಲ್ಲ. ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕಿಸುವ ಸುಳಿವನ್ನು ಈ ಸೀಮೆಯಲ್ಲಿ ಬರೆಯಲೇಬಾರದು.

ಈಗ ನನ್ನ ತಪ್ಪುಗಳಿಗೆ ಬರೋಣ.

"ನಲವತ್ತು ಹೆಜ್ಜೆ" ಎಂದಿದ್ದೆ. ಯಾರ ಹೆಜ್ಜೆ? ಮರುದಿನ ಬೆಳಿಗ್ಗೆ ಶಿಬಿರದ ಹುಡುಗ ಹುಡುಗಿಯರನ್ನು ಅಳತೆಯ ಟೇಪಿನ ಪಕ್ಕ ನಡೆಸಿ ನೋಡಿದೆ. ಒಬ್ಬಳ ಹೆಜ್ಜೆ 60 ಸೆಂಟಿಮೀಟರ್, ಒಬ್ಬನದು 75. ನಲವತ್ತು ಹೆಜ್ಜೆಗೆ ಆಕೆ 24 ಮೀಟರ್ ನಡೆದರೆ ಆತ 30 ಮೀಟರ್ ನಡೆಯುತ್ತಾನೆ. ಆರು ಮೀಟರಿನ ಅಂತರದಲ್ಲಿ ಒಂದು ಹಳೆಯ ಖಬರಸ್ತಾನದಲ್ಲಿ ಎಷ್ಟು ಚಪ್ಪಟೆ ಕಲ್ಲುಗಳಿರುತ್ತವೆಂದು ನೀವೇ ಊಹಿಸಿ. ಇದಕ್ಕೆ ಮದ್ದು ಸುಲಭ. ನಿಮ್ಮ ಶಾಲೆಯ ಮೈದಾನದಲ್ಲಿ ನೂರು ಮೀಟರ್ ಅಳೆದು, ಸಹಜವಾಗಿ ಮೂರು ಸಲ ನಡೆದು, ಹೆಜ್ಜೆಗಳ ಸರಾಸರಿ ತೆಗೆದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಅದು ನಿಮ್ಮ ಸ್ವಂತ ಅಳತೆಗೋಲು. ಸುಳಿವು ಬರೆಯುವಾಗ ಹೆಜ್ಜೆಯಲ್ಲ, ಮೀಟರ್ ಬರೆಯಿರಿ.

"ಉತ್ತರಕ್ಕೆ" ಎಂದದ್ದು ಎರಡನೆಯ ತಪ್ಪು, ಇದು ಸ್ವಲ್ಪ ಸೂಕ್ಷ್ಮ. ದಿಕ್ಸೂಚಿಯ ಮುಳ್ಳು ಭೂಮಿಯ ಕಾಂತೀಯ ಉತ್ತರವನ್ನು ತೋರಿಸುತ್ತದೆ. ನಕ್ಷೆಯ ಉತ್ತರ ಬೇರೆ. ಅದೃಷ್ಟಕ್ಕೆ ನಮ್ಮ ಭಾಗದಲ್ಲಿ ಇವೆರಡರ ಅಂತರ ಒಂದೆರಡು ಡಿಗ್ರಿಯನ್ನು ಮೀರುವುದಿಲ್ಲ. ನೆನಪಿಗೆ ಒಂದು ಸೂತ್ರ: ಅರವತ್ತು ಮೀಟರ್ ನಡೆದರೆ ಪ್ರತಿ ಡಿಗ್ರಿ ತಪ್ಪಿಗೆ ಸುಮಾರು ಒಂದು ಮೀಟರ್ ಪಕ್ಕಕ್ಕೆ ಸರಿಯುತ್ತೀರಿ. ಹಾಗಾಗಿ ಒಂದೆರಡು ಡಿಗ್ರಿ ನಮ್ಮ ಆಟವನ್ನು ಕೆಡಿಸದು. ಕೆಡಿಸುವುದು ಹತ್ತಿರದ ಕಬ್ಬಿಣ. ನಾಲ್ಕನೆಯ ತಂಡದ ನಾಯಕ ದಿಕ್ಸೂಚಿಯನ್ನು ಓದಿದ್ದು ನಮ್ಮ ಜೀಪಿನ ಬಾನೆಟ್ಟಿನ ಮೇಲಿಟ್ಟು!

ಸಂಡೂರಿಗೆ ಹೋದರೆ ಜೀಪೂ ಬೇಡ, ಬೆಟ್ಟವೇ ಕಬ್ಬಿಣ. ಅಲ್ಲಿನ ಅದಿರು ಬಹುಪಾಲು ಹೆಮಟೈಟ್. ಅದು ಕಾಂತಕ್ಕೆ ಅಷ್ಟಾಗಿ ಓಗೊಡುವುದಿಲ್ಲ. ಅದರ ಜೊತೆಗೆ ಮ್ಯಾಗ್ನೆಟೈಟ್ ಬೆರೆತ ಪದರಗಳಿದ್ದಲ್ಲಿ ಮಾತ್ರ ಮುಳ್ಳು ದಾರಿ ತಪ್ಪುತ್ತದೆ. ನೀವು ನಿಂತ ಜಾಗದಲ್ಲಿ ಹೀಗಾಗುತ್ತಿದೆಯೇ ಎಂದು ತಿಳಿಯಲು ಸರ್ವೆಯವರು ಬಳಸುವ ಒಂದು ಉಪಾಯವಿದೆ. ಇಬ್ಬರು ದೂರ ದೂರ ನಿಲ್ಲಿ. ಮೊದಲನೆಯವರು ಎರಡನೆಯವರನ್ನು ನೋಡಿ ಕೋನ ಓದಲಿ, ಎರಡನೆಯವರು ಮೊದಲನೆಯವರನ್ನು ನೋಡಿ ಓದಲಿ. ಎರಡು ಓದುಗಳ ನಡುವೆ ಸರಿಯಾಗಿ 180 ಡಿಗ್ರಿ ಅಂತರವಿರಬೇಕು. ಇಲ್ಲದಿದ್ದರೆ ಇಬ್ಬರಲ್ಲಿ ಒಬ್ಬರ ಕಾಲಡಿಯಲ್ಲೋ ಜೇಬಿನಲ್ಲೋ ಕಾಂತವನ್ನು ಸೆಳೆಯುವ ವಸ್ತು ಇದೆ. ಮೊಬೈಲಿನ ದಿಕ್ಸೂಚಿಗೂ ಈ ಮಾತು ಅನ್ವಯಿಸುತ್ತದೆ. ಅದರೊಳಗಿರುವುದೂ ಕಾಂತಕ್ಷೇತ್ರವನ್ನು ಅಳೆಯುವ ಸಾಧನವೇ.

ಇಷ್ಟೆಲ್ಲ ಹೇಳಿದ ನಾನು ಅಂದು ಕಾಣದೆ ಹೋದ ದಿಕ್ಸೂಚಿಯೊಂದು ಆ ಖಬರಸ್ತಾನದಲ್ಲೇ ಇತ್ತು. ಗೋರಿಗಳೇ ದಿಕ್ಕು ಹೇಳುತ್ತವೆ. ಮುಸ್ಲಿಮರು ಶವವನ್ನು ಮಕ್ಕಾದ ಕಡೆ ಮುಖ ಮಾಡಿ ಮಲಗಿಸುತ್ತಾರೆ. ನಮ್ಮ ದೇಶದಿಂದ ಮಕ್ಕಾ ಪಶ್ಚಿಮಕ್ಕಿರುವುದರಿಂದ ಗೋರಿಯ ಉದ್ದ ಉತ್ತರ ದಕ್ಷಿಣವಾಗುತ್ತದೆ, ತಲೆ ಉತ್ತರಕ್ಕೆ. ಲೆಕ್ಕ ಹಾಕಿದರೆ ಹಂಪಿಯಿಂದ ಮಕ್ಕಾದ ದಿಕ್ಕು ನೇರ ಪಶ್ಚಿಮವಲ್ಲ, ಸುಮಾರು 15 ಡಿಗ್ರಿ ಉತ್ತರಕ್ಕೆ ವಾಲಿದ್ದು. ಆದರೂ ಹಿಂದಿನವರು ಬಹುಮಟ್ಟಿಗೆ ಪಶ್ಚಿಮವನ್ನೇ ಹಿಡಿದರು. ಕ್ರೈಸ್ತರ ಹಳೆಯ ಸ್ಮಶಾನಗಳಲ್ಲಿ ರೂಢಿ ಬೇರೆ. ಅಲ್ಲಿ ಗೋರಿಯ ಉದ್ದ ಪೂರ್ವ ಪಶ್ಚಿಮ, ಕಾಲು ಪೂರ್ವಕ್ಕೆ. ವೀರಶೈವರಲ್ಲಿ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವುದರಿಂದ ಉದ್ದದ ಪ್ರಶ್ನೆಯೇ ಇಲ್ಲ. ಮೋಡ ಕವಿದ ದಿನವೂ, ಬ್ಯಾಟರಿ ಮುಗಿದ ಹೊತ್ತಿನಲ್ಲೂ ನಿಂತಲ್ಲೇ ನಿಂತು ಓದಬಹುದಾದ ದಿಕ್ಕು ಇದು. ಯಾವ ಕಲ್ಲನ್ನೂ ಮುಟ್ಟಬೇಕಿಲ್ಲ.

ಮೂರನೆಯ ತಪ್ಪು ಬೇವಿನ ಮರ. ಆ ಖಬರಸ್ತಾನದಲ್ಲಿ ಎರಡು ಬೇವಿನ ಮರಗಳಿದ್ದವು; ಒಂದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅದು ಹಾಗಿರಲಿ, ಮರವನ್ನು ಕಡಿಯುತ್ತಾರೆ, ಗಾಳಿಗೆ ಬೀಳುತ್ತದೆ. ಸುಳಿವಿನ ಆರಂಭದ ಗುರುತು ಅಲುಗದಂಥದ್ದಾಗಿರಬೇಕು. ತುಂಗಭದ್ರೆಯ ದಡದಲ್ಲಂತೂ ಇನ್ನೂ ಎಚ್ಚರ ಬೇಕು. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಕಂಪ್ಲಿಯ ಸೇತುವೆಯೇ ಮುಳುಗುತ್ತದೆ, ಹಂಪಿಯ ಪುರಂದರ ಮಂಟಪ ನೀರೊಳಗಾಗುತ್ತದೆ. ಬೇಸಿಗೆಯಲ್ಲಿ ಬರೆದ ಸುಳಿವು ಶ್ರಾವಣದಲ್ಲಿ ಉಪಯೋಗಕ್ಕೆ ಬಾರದು.

ಹಾಗಾದರೆ ಹೆಜ್ಜೆಯೂ ಬೇಡ, ಮುಳ್ಳೂ ಬೇಡ ಎನ್ನುವಂಥ ಸುಳಿವು ಉಂಟೇ? ಉಂಟು. ಅದನ್ನು ನಾನು ಕಲಿತದ್ದು ಹಂಪಿಯಲ್ಲೇ ನಡೆದ ಒಂದು ಕೆಲಸದಿಂದ.

1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಹಂಪಿಗೆ ಬಂದ. ಆಗ ಫಿಲ್ಮ್ ಇರಲಿಲ್ಲ. ಮೇಣ ಹಿಡಿಸಿದ ಕಾಗದವೇ ನೆಗೆಟಿವ್. ವಿಜಯನಗರದ ಅತ್ಯಂತ ಹಳೆಯ ಛಾಯಾಚಿತ್ರಗಳು ಆತನವು. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಆ ಚಿತ್ರಗಳನ್ನು ಹಿಡಿದು ಬಂದು, ಗ್ರೀನ್‌ಲಾ ಎಲ್ಲೆಲ್ಲಿ ನಿಂತಿದ್ದನೋ ಅಲ್ಲಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ನಡುವೆ 127 ವರ್ಷ. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಗೋಪುರದ ಇಟ್ಟಿಗೆ ಉದುರಿದೆ, ಎಲ್ಲಿ ಜೀರ್ಣೋದ್ಧಾರವಾಗಿದೆ ಎಲ್ಲವೂ ಬೆರಳಿಟ್ಟು ತೋರಿಸುವಂತಿದೆ.

ಗ್ರೀನ್‌ಲಾನ ಮುಕ್ಕಾಲಿ ಊರಿದ ಜಾಗ ಸಿಗುವುದು ಹೇಗೆ? ಚಿತ್ರದೊಳಗೇ ಸುಳಿವು ಇದೆ. ಇದನ್ನು ಇಲ್ಲೇ ಪರೀಕ್ಷಿಸಿ ನೋಡಿ. ಒಂದು ಕಣ್ಣು ಮುಚ್ಚಿ, ಕೈ ಚಾಚಿ ಹೆಬ್ಬೆರಳನ್ನು ಎದುರಿನ ಕಿಟಕಿಯ ಒಂದು ಸರಳಿಗೆ ಸರಿಹೊಂದಿಸಿ. ತಲೆಯನ್ನು ತುಸು ಎಡಕ್ಕೆ ಸರಿಸಿದರೆ ಬೆರಳು ಬಲಕ್ಕೆ ಜಾರಿದಂತೆ ಕಾಣುತ್ತದೆ. ಹತ್ತಿರದ ವಸ್ತು ದೂರದ ವಸ್ತುವಿನ ಮುಂದೆ ಹೀಗೆ ಸರಿಯುವುದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ಹಳೆಯ ಚಿತ್ರದಲ್ಲಿ ಹತ್ತಿರದ ಕಂಬದ ಅಂಚು ದೂರದ ಗುಡ್ಡದ ಒಂದು ಬಂಡೆಗೆ ತಾಗಿದ್ದರೆ, ಕ್ಯಾಮೆರಾ ಆ ಎರಡನ್ನೂ ಕೂಡಿಸುವ ಒಂದೇ ಸರಳರೇಖೆಯ ಮೇಲಿತ್ತು ಎಂದರ್ಥ. ರೇಖೆಯ ಮೇಲೆ ಎಲ್ಲಿ ಎಂಬುದು ಮಾತ್ರ ಗೊತ್ತಿಲ್ಲ. ಅದೇ ಚಿತ್ರದಲ್ಲಿ ಇನ್ನೊಂದು ಜೋಡಿ ಹುಡುಕಿ. ಅದು ಎರಡನೆಯ ರೇಖೆ. ಎರಡು ರೇಖೆಗಳು ಕೂಡುವುದು ಒಂದೇ ಬಿಂದುವಿನಲ್ಲಿ. ಮುಕ್ಕಾಲಿ ಅಲ್ಲಿ.

ಈ ಬಗೆಯ ಸುಳಿವಿನಲ್ಲಿ ಹೆಜ್ಜೆಯ ಉದ್ದ ಬೇಕಿಲ್ಲ, ಕಾಂತದ ಹಂಗಿಲ್ಲ. ಒಂದು ಹೆಜ್ಜೆ ತಪ್ಪಿದರೂ ಜೋಡಿ ಕಳಚಿಕೊಂಡು ತಪ್ಪು ತಾನೇ ತಿಳಿಯುತ್ತದೆ. ಹತ್ತಿರದ ಗುರುತು ಹತ್ತಿರವಿದ್ದಷ್ಟೂ, ದೂರದ್ದು ದೂರವಿದ್ದಷ್ಟೂ ಸುಳಿವು ಹರಿತ. "ಗುಮ್ಮಟದ ತುದಿ, ಹಿಂದಿನ ಗುಡ್ಡದ ಮೇಲಿನ ಒಂಟಿ ಗುಂಡಿನ ನೇರಕ್ಕೆ ಬರುವಂತೆ ನಿಲ್ಲಿ. ಹಾಗೇ ಹಿಂದೆ ಸರಿಯುತ್ತ ಬನ್ನಿ. ಎಡಗಡೆ ಬಾಗಿಲಿನ ಕಂಬ, ಅದರಾಚೆಯ ಕಂಬವನ್ನು ಪೂರ್ತಿ ಮರೆಮಾಡಿದಾಗ ನಿಂತುಬಿಡಿ." ಇಂಥ ಸುಳಿವು ಬರೆಯಲು ಇಡೀ ಒಂದು ಬೆಳಗು ಬೇಕಾಗುತ್ತದೆ. ಇಡೀ ಬೆಳಗು ನೀವು ಆ ಜಾಗವನ್ನು ನೋಡುತ್ತಲೇ ಇರುತ್ತೀರಿ.

ಇನ್ನು ನಾಲ್ಕನೆಯ ತಪ್ಪು, "ಎತ್ತಿ ನೋಡಿ" ಎಂಬ ಎರಡು ಪದಗಳು. ಇವನ್ನು ಬೇರೆ ಊರಿನಲ್ಲಿ ಬರೆದಿದ್ದರೆ ಅಷ್ಟು ಕೆಡುಕಾಗುತ್ತಿರಲಿಲ್ಲವೇನೋ. ನಮ್ಮದು ನಿಧಿಯ ಕಥೆಗಳ ಸೀಮೆ. ಆನೆಯ ದೃಷ್ಟಿ ಬಿದ್ದಲ್ಲಿ ಇಷ್ಟು ಕೊಪ್ಪರಿಗೆ, ಬಸವನ ನೆರಳು ಬಿದ್ದಲ್ಲಿ ಅಷ್ಟು ಕೊಪ್ಪರಿಗೆ ಎಂಬ ಮಾತುಗಳನ್ನು ನೀವೂ ಅಜ್ಜಿಯ ಬಾಯಲ್ಲಿ ಕೇಳಿರುತ್ತೀರಿ. ಗಮನಿಸಿ: ಗುರುತು, ದಿಕ್ಕು, ಅಂತರ ಎಲ್ಲ ಇವೆ. ನಮ್ಮ ಆಟದ ಚೀಟಿಗೂ ನಿಧಿಗಳ್ಳರ ಸಂಕೇತಕ್ಕೂ ವ್ಯಾಕರಣ ಒಂದೇ.

ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ನವಬೃಂದಾವನವಿದೆ. ಮಾಧ್ವ ಪರಂಪರೆಯ ಒಂಬತ್ತು ಯತಿಗಳ ಬೃಂದಾವನಗಳು ಅಲ್ಲಿವೆ. ಕೃಷ್ಣದೇವರಾಯನ ಕಾಲದ, 1539ರಲ್ಲಿ ತೀರಿಕೊಂಡ ವ್ಯಾಸರಾಜರದೂ ಅಲ್ಲೇ. 2019ರ ಜುಲೈ ತಿಂಗಳ ಒಂದು ರಾತ್ರಿ ನಿಧಿಯ ಆಸೆಗೆ ಬಂದವರು ವ್ಯಾಸರಾಜರ ಬೃಂದಾವನವನ್ನು ಕಿತ್ತು ಹಾಕಿದರು. ಸುದ್ದಿ ತಿಳಿದು ಭಕ್ತರು ಓಡಿ ಬಂದು ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು; ಪೊಲೀಸರು ಆರೋಪಿಗಳನ್ನು ಹಿಡಿದರು. ಅದೇ ವರ್ಷದ ಫೆಬ್ರವರಿಯಲ್ಲಿ, ಹಂಪಿಯ ಗಜಶಾಲೆಯ ಹಿಂದಿನ ವಿಷ್ಣು ದೇವಾಲಯದ ಕಂಬವನ್ನು ಯುವಕರು ನೂಕಿ ಬೀಳಿಸುವ ವಿಡಿಯೋ ದೇಶವೆಲ್ಲ ಹರಿದಾಡಿತು. ಅವರಿಗೆ ನಿಧಿಯ ಆಸೆಯೂ ಇರಲಿಲ್ಲ. ಹೊಸಪೇಟೆಯ ನ್ಯಾಯಾಲಯ ನಾಲ್ವರಿಗೂ ತಲಾ 70,000 ರೂಪಾಯಿ ದಂಡ ಹಾಕಿತು. ಬಿದ್ದ ಕಂಬಗಳನ್ನು ಅವರಿಂದಲೇ ಎತ್ತಿ ನಿಲ್ಲಿಸಲಾಯಿತು.

ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳಬಹುದು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಡಾರ್ಟ್‌ಮೂರಿನ ಆಟಗಾರರ ಸ್ವಂತ ನಿಯಮಗಳೂ ಇದಕ್ಕೆ ಹೊಂದುವಂಥವೇ. ಪುರಾತನ ಸಮಾಧಿ, ಕಲ್ಲುಸಾಲು, ಗೋಡೆ, ಕಟ್ಟಡ ಯಾವುದರಲ್ಲೂ ಡಬ್ಬಿ ಇಡಬಾರದು, ಸಿಮೆಂಟು ಬಳಸಬಾರದು. ಹೀಗಾಗಿ ಹಂಪಿಯಲ್ಲಿ ಡಬ್ಬಿಯ ಆಟ ನಿಮ್ಮ ಶಾಲೆಯ ಅಂಗಳಕ್ಕೆ, ಸ್ನೇಹಿತರ ಹೊಲಕ್ಕೆ ಸರಿ. ಸ್ಮಾರಕಕ್ಕೂ ಸ್ಮಶಾನಕ್ಕೂ ಡಬ್ಬಿ ಇಲ್ಲದ ಆಟ ಬೇಕು. ಅಂಥದ್ದೂ ಇದೆ. 2004ರಿಂದ ಅಮೆರಿಕದ ಭೂವಿಜ್ಞಾನಿಗಳ ಸಂಘ ನಡೆಸಿಕೊಂಡು ಬಂದ ಅರ್ಥ್‌ಕ್ಯಾಶ್ ಎಂಬ ಪದ್ಧತಿಯಲ್ಲಿ ಏನನ್ನೂ ಅಡಗಿಸುವುದಿಲ್ಲ. ಜಾಗ ತಲುಪಿದವರು ಅಲ್ಲಿ ನಿಂತು ನೋಡಿದರೆ ಮಾತ್ರ ಗೊತ್ತಾಗುವ ಒಂದು ಪ್ರಶ್ನೆಗೆ ಉತ್ತರ ಬರೆದು ಕಳುಹಿಸಬೇಕು, ಅಷ್ಟೆ.

ಹಂಪಿಯ ಹಳೆಯ ಗೋರಿಗಳ ನಡುವೆ ಅಂಥ ಒಂದು "ಅಂಚೆಪೆಟ್ಟಿಗೆ" ಸುಮಾರು ಆರು ಶತಮಾನಗಳಿಂದ ತೆರೆದೇ ಇದೆ. ಪ್ರವಾಸಿಗಳು ಹೆಚ್ಚಾಗಿ ಹೊಸಪೇಟೆಯಿಂದ ಬರುವಾಗ ಕಡ್ಡಿರಾಂಪುರದ ಎರಡು ಗುಮ್ಮಟದ ಗೋರಿಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ. ನಾನು ಹೇಳುತ್ತಿರುವುದು ಇನ್ನೊಂದು ಜಾಗ. ಕಮಲಾಪುರದಿಂದ ತಳವಾರಘಟ್ಟದ ಕಡೆ ಹೋಗುವ ದಾರಿಯ ಸಮೀಪ, ರಾಜಧಾನಿಯ ಮುಸ್ಲಿಂ ಕೇರಿಯಿದ್ದ ಭಾಗದಲ್ಲಿ, ಅಹ್ಮದ್ ಖಾನನ ಮಸೀದಿ ಮತ್ತು ಗೋರಿ ಇವೆ. ನಮ್ಮ ತಂಡ ಮೊದಲ ಸಲ ಹೋದಾಗ ಗುಮ್ಮಟವಿದ್ದ ಕಟ್ಟಡವನ್ನು ಮಸೀದಿ ಎಂದುಕೊಂಡು ಕ್ಯಾಮೆರಾ ತಿರುಗಿಸಿದೆವು. ಅದು ಗೋರಿ. ಮಸೀದಿಗೆ ಗುಮ್ಮಟವೂ ಇಲ್ಲ, ಮಿನಾರೂ ಇಲ್ಲ. ಅದು ನೋಡಲು ಕಂಬಗಳ ಒಂದು ಮಂಟಪ, ಹಂಪಿಯಲ್ಲಿ ಹೆಜ್ಜೆಹೆಜ್ಜೆಗೂ ಸಿಗುವಂಥದ್ದೇ. "ಮಸೀದಿ ಹುಡುಕಿ" ಎಂದು ಸುಳಿವು ಕೊಟ್ಟರೆ ಹತ್ತಕ್ಕೆ ಒಂಬತ್ತು ಜನ ಅದರ ಮುಂದೆಯೇ ನಡೆದು ಹೋಗುತ್ತಾರೆ.

ಅಲ್ಲಿಯ ಕಾಗದ ಕಲ್ಲಿನಲ್ಲಿದೆ, ಕನ್ನಡದಲ್ಲಿದೆ. 1439ರ ಶಾಸನ ಅದು. ಅಹ್ಮದ್ ಖಾನ್ ಪ್ರೌಢದೇವರಾಯನ ಸೇವೆಯಲ್ಲಿದ್ದವನು; ತನ್ನ ಒಡೆಯನಿಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿದ. ಕಟ್ಟಡವನ್ನು ಶಾಸನ ಕರೆಯುವುದು ಮಸೀದಿ ಎಂದಲ್ಲ, ಧರ್ಮಸಾಲೆ ಎಂದು. ಮುಸಲ್ಮಾನ ಸರದಾರನೊಬ್ಬ ಹಿಂದೂ ಅರಸನ ಪುಣ್ಯಕ್ಕಾಗಿ, ಮಂಟಪದ ಆಕಾರದಲ್ಲಿ, ಊರವರಿಗೆಲ್ಲ ಅರ್ಥವಾಗುವ ಹೆಸರಿಟ್ಟು ಪ್ರಾರ್ಥನೆಯ ಮನೆ ಕಟ್ಟಿಸಿದ್ದಾನೆ. ಬೇರೆ ಬೇರೆ ಓದುಗರು ಇದಕ್ಕೆ ಬೇರೆ ಬೇರೆ ಅರ್ಥ ಹೇಳಬಹುದು. ನನಗಂತೂ ಆ ಒಂದು ಪದವನ್ನು ಓದಿದ ಮೇಲೆ ಇಡೀ ಕಟ್ಟಡ ಬೇರೆಯಾಗಿ ಕಂಡಿತು. ಇದಕ್ಕಾಗಿ ನೆಲ ಅಗೆಯಬೇಕಾಗಿಲ್ಲ, ಕಲ್ಲು ಸರಿಸಬೇಕಾಗಿಲ್ಲ.

ನೀವೂ ಒಂದು ದಿನ ನೋಟ್‌ಬುಕ್ಕು ಹಿಡಿದು ಹೋಗಿ. ಮಂಟಪದ ಕಂಬಗಳೆಷ್ಟು? ಸುತ್ತಲಿನ ಗೋರಿಗಳ ಉದ್ದ ಯಾವ ದಿಕ್ಕಿಗಿದೆ, ದಿಕ್ಸೂಚಿಗೂ ಅದಕ್ಕೂ ಎಷ್ಟು ಡಿಗ್ರಿ ಅಂತರ? ಗೋರಿಯ ಗುಮ್ಮಟ ದೂರದ ಯಾವ ಗುಂಡಿನ ನೇರಕ್ಕೆ ಬರುವಂತೆ ನಿಂತರೆ ನಿಮ್ಮ ಬೆನ್ನು ಯಾವುದಕ್ಕೆ ತಾಗುತ್ತದೆ? ಉತ್ತರಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಾರ್ಡಿನಲ್ಲಿ ಬರೆದು ನಮ್ಮ ಕಾರ್ಯಕ್ರಮಕ್ಕೆ ಕಳುಹಿಸಿ.

ಶಿಬಿರದ ಮಾತು ಅರ್ಧಕ್ಕೇ ನಿಂತಿತು. ಮೂರನೆಯ ದಿನ ನಾವು ಆ ಖಬರಸ್ತಾನಕ್ಕೆ ಮತ್ತೆ ಹೋದೆವು. ಕಲ್ಲನ್ನು ಮಗುಚಿದ ಹುಡುಗರು ತಾವಾಗಿಯೇ ಒಂದು ಬಿಂದಿಗೆ ನೀರು, ಒಂದಿಷ್ಟು ಹೂವು ತಂದಿದ್ದರು. ಮುಜಾವರರು ತೋರಿಸಿಕೊಟ್ಟ ಹಾಗೆ ಆ ಪುಟ್ಟ ಗೋರಿಯ ಮೇಲೆ ನೀರು ಚಿಮುಕಿಸಿ ಹೂವಿಟ್ಟರು. ಆಮೇಲೆ ಹೊಸ ಚೀಟಿ ಬರೆದೆವು. ಈ ಸಲ ಬರೆದವರು ಅವರೇ, ನಾನು ಬರಿ ತಿದ್ದಿದೆ. ದರ್ಗಾದ ಕಲಶ ಒಂದು ಜೋಡಿ, ಬಾವಿಕಟ್ಟೆಯ ಕಂಬ ಇನ್ನೊಂದು ಜೋಡಿ. ಎರಡೂ ಕೂಡಿದ ಕಡೆ, ಗೋರಿಗಳಿಂದ ದೂರದ ಕಾಲುದಾರಿಯ ಮೇಲೆ ನಿಂತರೆ ಕಾಂಪೌಂಡಿನ ಒಂದು ಕಿಟಕಿ ಕಾಣುತ್ತಿತ್ತು. ಅದರ ಸರಳುಗಳನ್ನು ಎಣಿಸಿ, ಆ ಸಂಖ್ಯೆಯನ್ನು ದರ್ಗಾದ ಜಗಲಿಯ ಮೇಲೆ ಕುಳಿತ ಅಜ್ಜನಿಗೆ ಹೇಳಬೇಕು. ಸರಿಯಾಗಿದ್ದರೆ ಅವರು ಟ್ರಂಕು ತೆಗೆದು ಬಿಸ್ಕತ್ತಿನ ಡಬ್ಬಿ ಕೊಡುತ್ತಾರೆ.

ಡಬ್ಬಿಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೊಹರು ಒತ್ತಿದ್ದು ಮುಜಾವರರು. ಅದರ ಕೆಳಗೆ ಉರ್ದುವಿನಲ್ಲೂ ಕನ್ನಡದಲ್ಲೂ ತಮ್ಮ ಹೆಸರು ಬರೆದರು. ಹೋದವರು ಸಂಖ್ಯೆ ತಪ್ಪು ಹೇಳಿದರೆ, "ಇನ್ನೊಮ್ಮೆ ಎಣಿಸಿ ಬಾ ಹೋಗಪ" ಎಂದು ವಾಪಸು ಕಳಿಸುತ್ತಾರಂತೆ.